ಹೇಲಿಬರಿಯ ಪಾಠವೂ ಕೊಡಗಿನ ಜಮ್ಮವೂ

ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಈಚಿನ ವರ್ಷಗಳಲ್ಲಿ ಒಂದು ಜೋಡಿ ವಿಷಯ ಕಿವಿಗೆ ಬೀಳುತ್ತದೆ: ಅರ್ಥಶಾಸ್ತ್ರ, ಅದರೊಡನೆ ಜರ್ಮನ್ ಅಥವಾ ಫ್ರೆಂಚ್. ಕಾರಣ ಸ್ಪಷ್ಟವಾಗಿಯೇ ಇದೆ. 1942ರ ಕಾಫಿ ಕಾಯಿದೆಯಾದ ಮೇಲೆ ಬೆಳೆಗಾರನು ತನ್ನ ಕಾಫಿಯನ್ನು ಮಂಡಳಿಯ ಒಟ್ಟು ರಾಶಿಗೆ ಒಪ್ಪಿಸಿ ಕಂತುಕಂತಾಗಿ ಬರುವ ಹಣಕ್ಕೆ ಕಾದು ಕುಳಿತರೆ ಸಾಕಾಗಿತ್ತು. ಯಾರು ಕೊಂಡರು, ಯಾವ ಭಾಷೆಯಲ್ಲಿ ಚೌಕಾಶಿ ಮಾಡಿದರು ಎಂಬುದು ಅವನ ಚಿಂತೆಯಾಗಿರಲಿಲ್ಲ. 1992ರಿಂದ 1996ರವರೆಗೆ ಆ ಕಟ್ಟು ಹಂತಹಂತವಾಗಿ ಸಡಿಲಿತು. ಈಗ ಸುಂಟಿಕೊಪ್ಪದ ತೋಟದವನೂ ಅರೇಬಿಕಾಕ್ಕೆ ನ್ಯೂಯಾರ್ಕಿನ ಧಾರಣೆಯನ್ನೂ ರೊಬಸ್ಟಾಕ್ಕೆ ಲಂಡನ್ನಿನ ಧಾರಣೆಯನ್ನೂ ಬೆಳಗ್ಗೆ ಎದ್ದು ನೋಡುತ್ತಾನೆ. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವವರಲ್ಲಿ ಇಟಲಿಯವರೂ ಜರ್ಮನರೂ ಮುಂದಿದ್ದಾರೆ. ಹೀಗಿರುವಾಗ ಅರ್ಥಶಾಸ್ತ್ರದೊಡನೆ ಒಂದು ಪರಭಾಷೆಯನ್ನು ಕಲಿಯುವುದು ವಿವೇಕವೇ ಸರಿ.

ಆದರೆ ಇದನ್ನು ಹೊಚ್ಚ ಹೊಸ ಜೋಡಣೆಯೆಂದು ಭಾವಿಸುವವರಿಗೆ ನಾನು ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕಾಗಿದೆ. ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಕ್ಕೆಂದು ಪ್ರಾಧ್ಯಾಪಕ ಪೀಠವೊಂದು ಮೊತ್ತಮೊದಲು ಏರ್ಪಟ್ಟಾಗಲೇ ಅದರ ಪಕ್ಕದ ಕೊಠಡಿಯಲ್ಲಿ ಪರಭಾಷೆಗಳ ಪಾಠವೂ ನಡೆಯುತ್ತಿತ್ತು. ಆ ಪರಭಾಷೆಗಳು ನಮ್ಮವು.

ಆ ಸಂಸ್ಥೆ ಆಕ್ಸ್‌ಫರ್ಡೂ ಅಲ್ಲ, ಕೇಂಬ್ರಿಜ್ಜೂ ಅಲ್ಲ. ಆಕ್ಸ್‌ಫರ್ಡಿನಲ್ಲಿ ಅರ್ಥಶಾಸ್ತ್ರದ ಪೀಠ ಏರ್ಪಟ್ಟದ್ದು 1825ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಈಸ್ಟ್ ಇಂಡಿಯಾ ಕಂಪನಿ ತನ್ನ ಮುಲ್ಕಿ ನೌಕರರ ತರಬೇತಿಗಾಗಿ ಒಂದು ಕಾಲೇಜನ್ನು ಯೋಚಿಸಿ, 1806ರಲ್ಲಿ ಅದನ್ನು ಹರ್ಟ್‌ಫರ್ಡಿನ ಕೋಟೆಯಲ್ಲಿ ಆರಂಭಿಸಿ, 1809ರಲ್ಲಿ ಹತ್ತಿರದ ಹೇಲಿಬರಿಗೆ ಒಯ್ದಿತು. ಜನಸಂಖ್ಯೆಯ ಮೇಲಿನ ಪ್ರಬಂಧವನ್ನು 1798ರಲ್ಲಿ ಬರೆದು ಹೆಸರಾಗಿದ್ದ ಮ್ಯಾಲ್ಥಸ್ 1805ರಲ್ಲೇ ಅಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರಗಳ ಪ್ರಾಧ್ಯಾಪಕನಾಗಿ ನೇಮಕಗೊಂಡ. 1834ರ ಡಿಸೆಂಬರಿನಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಕಂಪನಿಯ ನಿರ್ದೇಶಕರ ಶಿಫಾರಸಿನಿಂದ ಬಂದ ಹದಿನಾರು ಹದಿನೇಳರ ಹುಡುಗರು ಬೆಳಗ್ಗೆ ಸಂಸ್ಕೃತದ ವಿಭಕ್ತಿಗಳನ್ನೋ ಪಾರಸಿಯ ಕ್ರಿಯಾಪದಗಳನ್ನೋ ಗಟ್ಟಿಮಾಡಿ, ಮುಂದಿನ ಪಾಠಕ್ಕೆ ಆಡಂ ಸ್ಮಿತ್ತನನ್ನು ಕೈಯಲ್ಲಿ ಹಿಡಿದು ಮ್ಯಾಲ್ಥಸ್‌ನ ಮುಂದೆ ಕೂರುತ್ತಿದ್ದರು. ಎಲ್ಲರೂ ಶ್ರದ್ಧಾವಂತರಾಗಿದ್ದರೆಂದಲ್ಲ. ಆ ಕಾಲೇಜಿನ ಹುಡುಗರ ಗಲಭೆಗಳು ಪಾರ್ಲಿಮೆಂಟಿನವರೆಗೂ ಸುದ್ದಿಯಾಗಿ, ಮ್ಯಾಲ್ಥಸ್ ಅದರ ಪರವಾಗಿ ಲೇಖನಿ ಹಿಡಿಯಬೇಕಾಯಿತು. ವಿದ್ಯಾರ್ಥಿಗಳ ಗಲಭೆಯನ್ನು ಕಂಡ ಅಧ್ಯಾಪಕರಿಗೆಲ್ಲ ಇದೊಂದು ಸಮಾಧಾನದ ಸಂಗತಿ.

1815ರಲ್ಲಿ ಮ್ಯಾಲ್ಥಸ್ ಭೂಮಿಯ ಗೇಣಿಯನ್ನು ಕುರಿತು ಒಂದು ಕಿರುಹೊತ್ತಗೆ ಪ್ರಕಟಿಸಿದ. ಅರ್ಥಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಗೇಣಿ ಸಿದ್ಧಾಂತದ ಮೊದಲ ರೂಪಗಳಲ್ಲಿ ಅದೂ ಒಂದು. ಎರಡು ವರ್ಷದ ಮೇಲೆ ರಿಕಾರ್ಡೋ ಅದಕ್ಕೆ ತನ್ನ ಹೆಸರು ಅಂಟುವಷ್ಟು ಖಚಿತವಾದ ರೂಪ ಕೊಟ್ಟ. ಆ ಹೊತ್ತಗೆಯ ಮುನ್ನುಡಿಯಲ್ಲಿ ಮ್ಯಾಲ್ಥಸ್ ಹೇಳಿಕೊಂಡಿರುವ ಪ್ರಕಾರ, ಅದರ ಸಾಮಗ್ರಿಯೆಲ್ಲ ಕಂಪನಿಯ ಕಾಲೇಜಿನ ಪಾಠದ ಟಿಪ್ಪಣಿಗಳಲ್ಲಿ ಕೂಡಿಬಂದದ್ದು. ಭಾರತದ ಭೂಕಂದಾಯವನ್ನು ಎತ್ತಲು ಹೊರಟ ಹುಡುಗರಿಗಾಗಿ ಸಿದ್ಧವಾದ ಪಾಠದಿಂದ ಗೇಣಿಯ ಸಿದ್ಧಾಂತ ಹೊರಬಂತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಳಬೇಕಾಗಿತ್ತು.

ಹೇಲಿಬರಿಯಲ್ಲಿ ಎರಡು ವರ್ಷ ಕಳೆದ ಮೇಲೆ ಮದರಾಸಿಗೆ ಬಂದ ತರುಣರಿಗೆ 1812ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಕಾದಿರುತ್ತಿತ್ತು. ಅಲ್ಲಿ ತಮಿಳು, ತೆಲುಗು, ಕನ್ನಡಗಳ ಪಾಠ. ಪಂಡಿತರು ನಮ್ಮವರು, ಪರೀಕ್ಷಕರು ಅವರು. ಆ ಕಾಲೇಜಿನ ಜೀವವಾಗಿದ್ದ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಪೀಠಿಕೆಯಲ್ಲಿ, ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಲದವು ಎಂದು ತೋರಿಸಿಕೊಟ್ಟ. ಕಾಲ್ಡ್‌ವೆಲ್‌ನ ಪ್ರಸಿದ್ಧ ಗ್ರಂಥಕ್ಕೆ ಅದು ನಲವತ್ತು ವರ್ಷ ಹಿಂದಿನದು. ಆ ಕುಲದ ಭಾಷೆಗಳನ್ನು ಹೆಸರಿಸುವಾಗ ಎಲ್ಲಿಸ್ ತುಳುವಿನ ಜೊತೆಗೆ ಕೊಡಗಿನ ಮಾತನ್ನೂ ಮರೆಯಲಿಲ್ಲ. ಕೊಡವ ಭಾಷೆಯ ಹೆಸರು ಭಾಷಾಶಾಸ್ತ್ರದ ಬರಹಗಳಲ್ಲಿ ಹೀಗೆ ಬಹು ಬೇಗ ಬಂದುಬಿಟ್ಟಿತು. ಇದೇ ಎಲ್ಲಿಸ್ ತಮಿಳುನಾಡಿನ ಮಿರಾಸಿ ಹಕ್ಕನ್ನು ಕುರಿತು ಸರ್ಕಾರ ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ದೀರ್ಘ ವರದಿಯೊಂದನ್ನು ಬರೆದ. ಹಳ್ಳಿಯ ಭೂಮಿ ಯಾರದು ಎಂಬ ಪ್ರಶ್ನೆಗೆ ಅವನು ಉತ್ತರ ಹುಡುಕಿದ್ದು ತಮಿಳು ಶಾಸನಗಳಲ್ಲಿ, ತಮಿಳು ಮಾತುಗಳ ಅರ್ಥದಲ್ಲಿ. ಹೇಲಿಬರಿಯ ಮೆಟ್ಟಿಲು ಹತ್ತದೆ 1796ರಲ್ಲೇ ಹಡಗು ಹತ್ತಿ ಬಂದವನು ಅವನು. ಎರಡು ವಿದ್ಯೆಗಳೂ ಒಬ್ಬನಲ್ಲೇ ಕೂಡಿದರೆ ಏನಾಗಬಹುದು ಎಂಬುದಕ್ಕೆ ಅವನಿಗಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ. 1819ರಲ್ಲಿ, ಇನ್ನೂ ಬಹಳ ಕೆಲಸ ಬಾಕಿಯಿರುವಾಗಲೇ, ಅವನು ತೀರಿಕೊಂಡ.

ಕನ್ನಡಕ್ಕೂ ಈ ಪಂಕ್ತಿಯಲ್ಲಿ ಪಾಲು ಸಿಕ್ಕಿತು. ಮದರಾಸಿನ ಮುಲ್ಕಿ ನೌಕರ ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದ. ಹೇಲಿಬರಿಯಲ್ಲಿ ಓದಿ 1821ರಲ್ಲಿ ಮದರಾಸಿಗೆ ಬಂದ ವಾಲ್ಟರ್ ಎಲಿಯಟ್ ಧಾರವಾಡದ ಕಡೆ ಕೆಲಸಕ್ಕೆ ಹೋದ. 1824ರಲ್ಲಿ ಕಿತ್ತೂರಿನಲ್ಲಿ ಸೆರೆಯಾದ. ಬಿಡುಗಡೆಯಾದ ಮೇಲೆ ಊರೂರು ತಿರುಗಿ ಕನ್ನಡ ಶಾಸನಗಳ ನಕಲು ಮಾಡಿಸಿದ. ಅವನು ಕೂಡಿಸಿದವು 595. ಚಾಲುಕ್ಯರ ವಂಶಾವಳಿ ಒಂದು ಕ್ರಮಕ್ಕೆ ಬಂದದ್ದು ಆ ಕಟ್ಟುಗಳಿಂದ. ಕಂದಾಯ ಎತ್ತಲು ಕಲಿತ ಭಾಷೆ ಹೀಗೆ ಕೆಲವೊಮ್ಮೆ ಕಂದಾಯವನ್ನು ಮರೆಸಿದ್ದೂ ಉಂಟು.

ಮರೆಯದವರೂ ಇದ್ದರು. ಮ್ಯಾಲ್ಥಸ್‌ನ ಮೆಚ್ಚಿನ ಶಿಷ್ಯರಲ್ಲೊಬ್ಬನಾದ ಆರ್. ಕೆ. ಪ್ರಿಂಗಲ್ ಮುಂಬಯಿ ಪ್ರಾಂತಕ್ಕೆ ಬಂದು, 1820ರ ದಶಕದ ಕೊನೆಯಲ್ಲಿ ಪುಣೆಯ ಸುತ್ತಿನ ಭೂಮಿಗೆ ಗೇಣಿ ಸಿದ್ಧಾಂತವನ್ನು ಅಕ್ಷರಶಃ ಅನ್ವಯಿಸಲು ಹೊರಟ. ಪ್ರತಿ ಹೊಲದ ಹುಟ್ಟುವಳಿಯಿಂದ ಖರ್ಚು ಕಳೆದು, ಉಳಿದ ನಿವ್ವಳದಲ್ಲಿ ಇಷ್ಟು ಪಾಲು ಸರ್ಕಾರದ್ದು ಎಂಬ ಲೆಕ್ಕ. ಕಾಗದದ ಮೇಲೆ ಅದರಷ್ಟು ನ್ಯಾಯವಾದ ಲೆಕ್ಕ ಇನ್ನೊಂದಿರಲಾರದು. ಆದರೆ ಹೊಲದ ಖರ್ಚನ್ನೂ ಹುಟ್ಟುವಳಿಯನ್ನೂ ಅಳೆದು ಬರೆದವರು ಕೆಳಗಿನ ಗುಮಾಸ್ತರು. ಅವರು ಬರೆದುಕೊಟ್ಟದ್ದು ಎಷ್ಟು ನಿಜವೆಂದು ತೂಗಿ ನೋಡುವ ದಾರಿ ಸಿದ್ಧಾಂತದಲ್ಲಿರಲಿಲ್ಲ. ಕಂದಾಯ ಏರಿತು, ಹೊಲಗಳು ಪಾಳುಬಿದ್ದವು. 1835ರ ಹೊತ್ತಿಗೆ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು ಅದನ್ನು ಕೈಬಿಟ್ಟು, ಮಣ್ಣಿನ ಬಣ್ಣ ಆಳಗಳನ್ನು ನೋಡಿ ಅಂದಾಜು ಕಟ್ಟುವ ಬೇರೊಂದು ಕ್ರಮವನ್ನು ಇಂದಾಪುರದಿಂದ ಹೊಸದಾಗಿ ಆರಂಭಿಸಬೇಕಾಯಿತು. ಆ ಕ್ರಮವೇ ಮುಂದೆ ನಮ್ಮ ಧಾರವಾಡ, ಬೆಳಗಾವಿಗಳಿಗೂ ಬಂತು.

ಈಗ ಕೊಡಗಿಗೆ ಬರುತ್ತೇನೆ. ಮ್ಯಾಲ್ಥಸ್ ತೀರಿಕೊಂಡ 1834ರಲ್ಲೇ, ಏಪ್ರಿಲ್ ತಿಂಗಳಲ್ಲಿ, ಕಂಪನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಮೇ 7ರ ಘೋಷಣೆಯಿಂದ ಕೊಡಗು ಕಂಪನಿಯದಾಯಿತು. ಕಾಕತಾಳೀಯವೆನ್ನಿ. ಇಲ್ಲಿಗೆ ಮೊದಲು ಬಂದ ಅಧಿಕಾರಿಗಳು ಹೇಲಿಬರಿಯವರಲ್ಲ, ಲೆಹಾರ್ಡಿಯಂಥ ಸೈನಿಕರು. ಅರ್ಥಶಾಸ್ತ್ರದ ಪಾಠ ಅವರಿಗಾಗಿರಲಿಲ್ಲ. ಅದು ಕೊಡಗಿನ ಭಾಗ್ಯವೆಂದು ನಾನು ಅರ್ಧ ವಿನೋದವಾಗಿಯೂ ಅರ್ಧ ನಿಜವಾಗಿಯೂ ಹೇಳುವುದುಂಟು. ಅವರ ಕೈಗೆ ಸಿಕ್ಕಿದ್ದು ಕನ್ನಡದ ಕಡತಗಳು. ಹಾಲೇರಿ ಅರಸರ ಆಸ್ಥಾನದ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯಾದ ರಾಜೇಂದ್ರನಾಮೆಯನ್ನು ಬರೆಸಿದ್ದು ಕನ್ನಡದಲ್ಲಿ. 1808ರಲ್ಲೇ ಮಂಗಳೂರಿನಲ್ಲಿದ್ದ ಅಬರ್‌ಕ್ರಾಂಬಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಹುಕುಂನಾಮೆಯೂ, ನಾಡುನಾಡಿನ ಗದ್ದೆಗಳಿಗೆ ಅವನು ಕಟ್ಟಿಸಿದ ಶಿಸ್ತಿನ ಲೆಕ್ಕವೂ ಕನ್ನಡದ್ದೇ.

ಆ ಲೆಕ್ಕದ ಮೂಲಮಾನ ಭಟ್ಟಿ. ಭಟ್ಟಿಯೆಂದರೆ ಭತ್ತದ ಅಳತೆ. ನೂರು ಭಟ್ಟಿ ಭೂಮಿಯೆಂದರೆ ನೂರು ಭಟ್ಟಿ ಭತ್ತ ಬೆಳೆಯಬಲ್ಲ ಗದ್ದೆ. ಅಗಲ ಉದ್ದಗಳ ಮಾತೇ ಇಲ್ಲ. ಕಣಿವೆಯ ತಳದ ಕೆಸರುಗದ್ದೆಯಲ್ಲಿ ಕಿರಿದಾದ ಜಾಗವೂ ನೂರು ಭಟ್ಟಿ. ಮೇಲಿನ ಬಡಗದ್ದೆಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಜಾಗವೂ ನೂರು ಭಟ್ಟಿ. ಒಳ್ಳೆಯ ನೆಲಕ್ಕೂ ಕೆಟ್ಟ ನೆಲಕ್ಕೂ ಇರುವ ವ್ಯತ್ಯಾಸ, ರಿಕಾರ್ಡೋ ಅಧ್ಯಾಯಗಟ್ಟಲೆ ವಿವರಿಸಿದ ಆ ವ್ಯತ್ಯಾಸ, ಇಲ್ಲಿ ಅಳತೆಯ ಮಾತಿನಲ್ಲೇ ಸೇರಿಹೋಗಿತ್ತು.

ಇಷ್ಟರಮಟ್ಟಿಗೆ ಸಿದ್ಧಾಂತಿಗೂ ತೃಪ್ತಿಯೇ. ತೊಡಕು ಮುಂದಿದೆ. ಇದೇ ನೂರು ಭಟ್ಟಿಗೆ ಸಾಗು ಭೂಮಿಯಾದರೆ ಹತ್ತು ರೂಪಾಯಿ, ಜಮ್ಮಾ ಭೂಮಿಯಾದರೆ ಐದು ರೂಪಾಯಿ. ಅದೇ ನೀರು, ಅದೇ ಮಣ್ಣು, ಅದೇ ಬೆಳೆ. ಕಂದಾಯ ಮಾತ್ರ ಅರ್ಧ. ಗೇಣಿ ಸಿದ್ಧಾಂತದ ಕನ್ನಡಕದಿಂದ ನೋಡಿದರೆ ಇದು ಖಜಾನೆಗೆ ಆಗುತ್ತಿರುವ ನಷ್ಟ, ಒಂದು ಜನಕ್ಕೆ ತೋರಿಸಿದ ದಾಕ್ಷಿಣ್ಯ. ಮಾತಿನ ಅರ್ಥ ಬಲ್ಲವನಿಗೆ ಹಾಗೆ ಕಾಣುವುದಿಲ್ಲ. ಜಮ್ಮವೆಂಬುದು ಸಂಸ್ಕೃತದ ಜನ್ಮ, ಹುಟ್ಟಿನಿಂದ ಬಂದದ್ದು. ಅರಸನಿಗೆ ನಜರಾಣೆ ಕೊಟ್ಟು ಪಡೆದ ಆ ಭೂಮಿ ಒಬ್ಬನದಲ್ಲ, ಒಕ್ಕದ್ದು. ಅದನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಕರೆ ಬಂದಾಗ ಆ ಒಕ್ಕದ ಗಂಡಸರು ಕೋವಿ ಕತ್ತಿ ಹಿಡಿದು ಬರಬೇಕು, ಕಾವಲು ನಿಲ್ಲಬೇಕು, ಖಜಾನೆ ಸಾಗಿಸುವಾಗ ಜೊತೆ ನಡೆಯಬೇಕು. ಉಳಿದ ಐದು ರೂಪಾಯಿ ಹೀಗೆ ಮೈಯಿಂದ ಸಂದಾಯವಾಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಅಂಕಣವಿರಲಿಲ್ಲ, ಅಷ್ಟೆ.

ಇನ್ನೊಂದು ಸೂಕ್ಷ್ಮವುಂಟು. ಗಡಿಯಾಚೆಯ ಮಲಬಾರಿನಲ್ಲೂ ಇದೇ ಜನ್ಮವೆಂಬ ಮಾತು ಭೂಮಿಗೆ ಸಂಬಂಧಿಸಿದಂತೆ ಬಳಕೆಯಲ್ಲಿತ್ತು. ಅಲ್ಲಿ ಕಂಪನಿಯವರು ಜನ್ಮಿಯನ್ನು ಭೂಮಿಯ ಪೂರ್ಣ ಒಡೆಯನೆಂದು ಅರ್ಥಮಾಡಿಕೊಂಡು, ಅವನ ಕೆಳಗಿದ್ದ ಕಾಣಂ ಒಕ್ಕಲುಗಳನ್ನು ಬರಿಯ ಗೇಣಿದಾರರನ್ನಾಗಿ ಮಾಡಿಬಿಟ್ಟರು. ಅದರಿಂದ ಹುಟ್ಟಿದ ಕ್ಷೋಭೆ ನೂರು ವರ್ಷ ಉರಿಯಿತು. ಮಲಬಾರಿನಲ್ಲಿ ಜನ್ಮವನ್ನು ಮಾರಬಹುದು. ಕೊಡಗಿನ ಜಮ್ಮವನ್ನು ಮಾರಲಾಗದು. ಧಾತು ಒಂದೇ, ಅರ್ಥ ಎರಡು. ನಿಘಂಟು ನೋಡಿ ಕಂದಾಯ ಕಟ್ಟುವವನು ಇಂಥ ಕಡೆಯಲ್ಲಿ ಎಡವುತ್ತಾನೆ.

ಹೇಲಿಬರಿಯಲ್ಲೇ ಒಬ್ಬನಿಗೆ ಈ ಮಾತು ಹೊಳೆದಿತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮ್ಯಾಲ್ಥಸ್‌ನ ಪೀಠಕ್ಕೆ 1835ರಲ್ಲಿ ಬಂದ ರಿಚರ್ಡ್ ಜೋನ್ಸ್, ಅದಕ್ಕೆ ನಾಲ್ಕು ವರ್ಷ ಮೊದಲೇ ಒಂದು ಗ್ರಂಥ ಬರೆದು, ರಿಕಾರ್ಡೋನ ಗೇಣಿ ಇಂಗ್ಲೆಂಡಿನಂಥ ಕೆಲವೇ ದೇಶಗಳ ಬಂಡವಾಳಗಾರ ಬೇಸಾಯಕ್ಕೆ ಹೊಂದುವಂಥದು, ಪ್ರಪಂಚದ ಬಹುಭಾಗದಲ್ಲಿ ಗೇಣಿಯೆಂಬುದು ಬೇರೆ ಬೇರೆ ಚರಿತ್ರೆಯ ಫಲ ಎಂದು ವಾದಿಸಿದ್ದ. ಗೇಣಿಯ ಬಗೆಗಳನ್ನು ವಿಂಗಡಿಸುವಾಗ ಅವನು ಏಷ್ಯದ ಪದ್ಧತಿಗೆ ನಮ್ಮ ರೈತ ಎಂಬ ಶಬ್ದವನ್ನೇ ಇಟ್ಟ. ಇಂಗ್ಲಿಷ್ ಅರ್ಥಶಾಸ್ತ್ರದ ಚರಿತ್ರೆ ಜೋನ್ಸ್‌ನನ್ನು ಅಡಿಟಿಪ್ಪಣಿಗೆ ತಳ್ಳಿದೆ. ನನಗೆ ಅವನ ಮೇಲೆ ಹೆಚ್ಚಿನ ಗೌರವ.

ಜಮ್ಮದ ಗದ್ದೆಗೆ ಅಂಟಿಕೊಂಡು ಬಾಣೆಯೆಂಬ ಕಾಡಿನ ಇಳಿಜಾರು ಇರುತ್ತಿತ್ತು. ಸೊಪ್ಪಿಗೆ, ಸೌದೆಗೆ, ದನ ಮೇಯುವುದಕ್ಕೆ. ಗದ್ದೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ಆದ್ದರಿಂದ ಬಾಣೆಗೆ ಬೇರೆ ಕಂದಾಯವಿಲ್ಲ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಆ ಇಳಿಜಾರಿನ ಬೆಲೆ ಬೇರೆಯಾಯಿತು. ನಾಲ್ಕುನಾಡಿನ ಕಡೆ ನಮ್ಮವರು ಅದಕ್ಕೂ ಮೊದಲೇ ಕಾಫಿ ಬೆಳೆದಿದ್ದರೂ, ಬೆಟ್ಟಕ್ಕೆ ಬೆಟ್ಟವೇ ತೋಟವಾದದ್ದು ಆಮೇಲೆ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ಬಾಣೆ ಇನ್ನೂ ಗದ್ದೆಯ ಸೊಪ್ಪಿನ ಕಾಡೇ? ಅದರ ಮರ ಒಕ್ಕದ್ದೋ ಸರ್ಕಾರದ್ದೋ? 1899ರ ಕೊಡಗು ಭೂಕಂದಾಯ ನಿಯಮಾವಳಿ ಇವಕ್ಕೆ ಉತ್ತರ ಹೇಳಲು ಯತ್ನಿಸಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ, ಸಾಗು ಜಮ್ಮಗಳ ಗಂಧವೇ ಇಲ್ಲದ ಊರುಗಳಿಗೆಂದು ಬರೆದ ಕಾನೂನಿನೊಳಗೆ ಈ ಮಾತುಗಳು ಬಂದು ಕುಳಿತವು. 2011ರಷ್ಟು ಈಚೆಗೆ ಜಮ್ಮಾ ಬಾಣೆಯ ಒಡೆತನಕ್ಕಾಗಿಯೇ ಕರ್ನಾಟಕದ ಭೂಕಂದಾಯ ಕಾಯಿದೆಯನ್ನು ತಿದ್ದಬೇಕಾಯಿತು. ಒಂದು ಶಬ್ದದ ಅರ್ಥವನ್ನು ನಿರ್ಧರಿಸಲು ಶಾಸನಸಭೆ ಕೂಡಬೇಕಾಗಿ ಬಂದ ನಿದರ್ಶನ ಕನ್ನಡದಲ್ಲಿ ಇನ್ನೆಷ್ಟಿವೆಯೋ.

ಕೊಡಗಿನ ಮಟ್ಟಿಗೆ ಭಾಷೆಯನ್ನೂ ಲೆಕ್ಕವನ್ನೂ ಜೊತೆಗಿಟ್ಟು ನೋಡಿದವರು ಹೇಲಿಬರಿಯವರಿಗಿಂತ ಹೆಚ್ಚಾಗಿ ಜರ್ಮನ್ ಮಿಷನರಿಗಳು. ಟ್ಯೂಬಿಂಗನ್ನಿನಲ್ಲಿ ಓದಿ ಬಂದ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ನಡೆಸಿದ್ದು, ಹಳಗನ್ನಡ ಕಾವ್ಯಗಳನ್ನು ಅಚ್ಚುಹಾಕಿಸಿದ್ದು ಎಲ್ಲರಿಗೂ ತಿಳಿದದ್ದೇ. 1850ರ ದಶಕದಲ್ಲಿ ಕೊಡಗಿಗೆ ಬಂದವನು 1855ರಲ್ಲಿ ಕೊಡಗಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಆನಂದಪುರದಲ್ಲಿ ದಲಿತ ಕುಟುಂಬಗಳನ್ನು ನೆಲೆಗೊಳಿಸಿ, ಅವರ ಜೀವನಕ್ಕೆಂದು ಕಾಫಿ ಗಿಡ ನೆಡಿಸಿದ. ಮತಪ್ರಚಾರದ ಉದ್ದೇಶವನ್ನು ಒಪ್ಪದವರೂ ಇದನ್ನು ಗಮನಿಸಬೇಕು: ಜಮ್ಮದ ಲೆಕ್ಕದಲ್ಲಾಗಲಿ ಗೇಣಿಯ ಸಿದ್ಧಾಂತದಲ್ಲಾಗಲಿ ಆ ಕುಟುಂಬಗಳಿಗೆ ಜಾಗವೇ ಇರಲಿಲ್ಲ. ಜಮ್ಮದ ಗದ್ದೆಯನ್ನು ಉತ್ತು ನಟ್ಟ ಕೈಗಳು ಬಹುಪಾಲು ಅವರವೇ. ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥನಾಗಿದ್ದ ರಿಕ್ಟರ್ 1870ರಲ್ಲಿ ಹೊರತಂದ ಕೊಡಗಿನ ಕೈಪಿಡಿಯಲ್ಲಿ ಹಬ್ಬ, ಹಾಡು, ಭಟ್ಟಿ, ಬಾಣೆ ಎಲ್ಲವೂ ಒಂದೇ ಹೊದಿಕೆಯೊಳಗಿವೆ. ಕಿಟ್ಟೆಲ್ಲನೂ 1870ರ ದಶಕದಲ್ಲಿ ಕೆಲಕಾಲ ಮಡಿಕೇರಿಯಲ್ಲಿದ್ದ. ಇಂಗ್ಲಿಷರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಕೋಲ್ 1867ರಲ್ಲಿ ಕೊಡವ ಭಾಷೆಯ ಪುಟ್ಟ ವ್ಯಾಕರಣವೊಂದನ್ನು ಬರೆದನೆಂಬುದನ್ನು ಸ್ಮರಿಸಬೇಕು.

ಕೊಡಗಿನ ಹುಡುಗರಿಗೆ ಇದೇ ಜೋಡಿ ಪಾಠ ತಿರುಗುಮುರುಗಾಗಿ ಬಂತು. ಅವರಿಗೆ ಪರಭಾಷೆಯೆಂದರೆ ಇಂಗ್ಲಿಷು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ತತ್ಪೂರ್ವದಲ್ಲಿ ಶಾಲೆ ಮುಗಿಸಿದವನು ಮಂಗಳೂರಿಗೋ ಮದರಾಸಿಗೋ ಮೈಸೂರಿಗೋ ಹೋಗಿ, ಇಂಗ್ಲಿಷನ್ನೂ ಇಂಗ್ಲಿಷಿನಲ್ಲೇ ಬರೆದ ಅರ್ಥಶಾಸ್ತ್ರವನ್ನೂ ಒಟ್ಟಿಗೆ ನುಂಗಬೇಕಾಗಿತ್ತು. ಮನೆಯಲ್ಲಿ ಭಟ್ಟಿ, ತರಗತಿಯಲ್ಲಿ ಎಕರೆ. ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲಕ್ಕೆ ಪದವಿ ತರಗತಿಗಳಲ್ಲಿ ಎಚ್.ಇ.ಕೆ. ಎಂಬ ಜೋಡಣೆಯೊಂದು ಜನಪ್ರಿಯವಾಗಿತ್ತು: ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಬೇರೆಲ್ಲೂ ಸೀಟು ಸಿಗದವರ ಕೂಟವೆಂದು ಅದನ್ನು ಹೀಗಳೆಯುತ್ತಿದ್ದರು. ನನಗೆ ಮಾತ್ರ ಆ ಹುಡುಗರ ಮೇಲೆ ವಿಶೇಷ ಅಕ್ಕರೆ. ಅವರಲ್ಲೊಬ್ಬ ಒಮ್ಮೆ ಕೇಳಿದ: ‘ಸರ್, ಗೇಣಿ 1974ರಲ್ಲೇ ರದ್ದಾಯಿತಲ್ಲ, ಪರೀಕ್ಷೆಯಲ್ಲಿ ಮಾತ್ರ ಇನ್ನೂ ಯಾಕಿದೆ?’ ರಿಕಾರ್ಡೋನ ಗೇಣಿಯೂ ಭೂಸುಧಾರಣೆಯ ಗೇಣಿಯೂ ಬೇರೆ ಎಂದು ನಾನು ವಿವರಿಸಿದೆ. ಆದರೆ ಹುಡುಗನ ಪ್ರಶ್ನೆ ನನ್ನ ವಿವರಣೆಗಿಂತ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಓದಿದವನಿಗೆ ಅದು ಏಳುವುದೇ ಇಲ್ಲ. ಕನ್ನಡದಲ್ಲಿ ಓದಿದ್ದರಿಂದ ಎದ್ದಿತು.

ಕೊನೆಯದಾಗಿ ಒಂದು ಮೊಕದ್ದಮೆಯ ವಿಷಯ. ಕೊಡಗಿನ ಅರಸರ ಹಣ ಕಂಪನಿಯ ಸಾಲಪತ್ರಗಳಲ್ಲಿತ್ತು. 1834ರಲ್ಲಿ ರಾಜ್ಯದೊಡನೆ ಆ ಪತ್ರಗಳೂ ಹೋದವು. ಚಿಕ್ಕವೀರರಾಜೇಂದ್ರ ಕಾಶಿಯಲ್ಲಿ ಕೂತು ಬಡ್ಡಿಯ ಲೆಕ್ಕ ಹಾಕಿದ. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಜ್ಞಾನಮಾತೆಯಾದಳು, ಪತ್ರಿಕೆಗಳಲ್ಲಿ ಚಿತ್ರ ಬಂತು. ಅಪ್ಪ ಮಾತ್ರ ವಕೀಲರನ್ನು ಹಿಡಿದು ಕಂಪನಿಯ ಮೇಲೆ ದಾವೆ ಹೂಡಿದ. ಅವನ ವಾದ ಸರಳ: ನಾನು ಯುದ್ಧದಲ್ಲಿ ಸೋತ ಅರಸನಾಗಿ ಬಂದಿಲ್ಲ, ಸಾಲ ಕೊಟ್ಟವನಾಗಿ ಬಂದಿದ್ದೇನೆ. ಅವನಿಗೆ ಹೇಲಿಬರಿಯ ಪಾಠವೂ ಆಗಿರಲಿಲ್ಲ, ಇಂಗ್ಲಿಷೂ ಹುಟ್ಟುಮಾತಲ್ಲ. ಆದರೂ ಸಾಲಕ್ಕೂ ರಾಜ್ಯಕ್ಕೂ ಇರುವ ಭೇದವನ್ನು ಕಂಪನಿಯ ಲೆಕ್ಕಿಗರಿಗಿಂತ ಸ್ಪಷ್ಟವಾಗಿ ಹಿಡಿದಿದ್ದ. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ನ್ಯಾಯಾಲಯ, ಆ ಪತ್ರಗಳನ್ನು ಕಂಪನಿ ವಶಪಡಿಸಿಕೊಂಡದ್ದು ವ್ಯಾಪಾರಿಯಾಗಿ ಅಲ್ಲ, ಯುದ್ಧ ಹೂಡಿದ ಪ್ರಭುತ್ವವಾಗಿ, ಆದ್ದರಿಂದ ಅದನ್ನು ವಿಚಾರಿಸುವ ಅಧಿಕಾರ ತನಗಿಲ್ಲ ಎಂದು ದಾವೆಯನ್ನು ವಜಾ ಮಾಡಿತು. ಅಷ್ಟು ಹೊತ್ತಿಗೆ ಕಂಪನಿಯ ಆಳ್ವಿಕೆ ಮುಗಿದಿತ್ತು. ಹೇಲಿಬರಿಯ ಕಾಲೇಜು ಬಾಗಿಲು ಹಾಕಿಯೂ ಎರಡು ವರ್ಷವಾಗಿತ್ತು.